ಎಮ್ಮೆಗರುವಿನಿಂದ ಒಂಟೆಯವರೆಗೆ

ರೋಗನಿರೋಧ ವಿಜ್ಞಾನದ ಇಂದಿನ ಪ್ರಯೋಗಾಲಯಗಳಲ್ಲಿ ಬಿಳಿ ಇಲಿಯದೇ ರಾಜ್ಯಭಾರ. ಸಾಕಲು ಖರ್ಚು ಕಡಿಮೆ, ಮೂರು ವಾರಕ್ಕೆ ಮರಿ ಹಾಕುತ್ತದೆ, ಒಂದೇ ವಂಶದ ನೂರಾರು ಇಲಿಗಳನ್ನು ಬೇಕೆಂದಾಗ ತರಿಸಿಕೊಳ್ಳಬಹುದು. ಆದರೆ ಈ ಶಾಸ್ತ್ರ ಕಣ್ಣುಬಿಟ್ಟದ್ದು ಕೊಟ್ಟಿಗೆ, ಲಾಯ, ಕುರಿಹಟ್ಟಿಗಳಲ್ಲಿ. ಸಿಡುಬಿನ ಲಸಿಕೆ ಬೆಳೆದದ್ದು ಎಮ್ಮೆಗರುವಿನ ಹೊಟ್ಟೆಯ ಮೇಲೆ. ಗಂಟಲಮಾರಿಗೂ ಹಾವಿನ ವಿಷಕ್ಕೂ ಮದ್ದು ಬಂದದ್ದು ಕುದುರೆಯ ನೆತ್ತರಿನಿಂದ. ಹುಚ್ಚುನಾಯಿ ಕಡಿತದ ಸೂಜಿಮದ್ದು ಕುರಿಯ ಮಿದುಳಿನದು. ಮೊದಮೊದಲು ಈ ಪ್ರಾಣಿಗಳನ್ನು ಆರಿಸಲು ಇದ್ದ ಕಾರಣ ಬಹಳ ಸರಳ: ಮೈ ದೊಡ್ಡದು, ರಕ್ತ ಹೆಚ್ಚು, ಮದ್ದು ಹೆಚ್ಚು. ಆದರೆ ಯಾವ ಪ್ರಾಣಿಯೂ ಕೇಳಿದ್ದನ್ನಷ್ಟೇ ಕೊಟ್ಟು ಸುಮ್ಮನಾಗಲಿಲ್ಲ. ತನ್ನ ಜಾತಿಗೇ ಸೇರಿದ ಒಂದೊಂದು ವಿಚಿತ್ರವನ್ನೂ ಮುಂದಿಟ್ಟಿತು. ಆ ವಿಚಿತ್ರಗಳನ್ನು ಬಿಡಿಸುತ್ತ ಹೋದವರಿಗೆ ಶಾಸ್ತ್ರದ ದೊಡ್ಡ ದೊಡ್ಡ ತತ್ತ್ವಗಳೇ ಸಿಕ್ಕವು.

ಈ ಚರಿತ್ರೆಯ ಬಹುಪಾಲು ಕನ್ನಡ ನಾಡಿನ ಹಳ್ಳಿಗಳನ್ನೂ ಹಾದುಹೋಗಿದೆ. ಹೂವಿನಹಡಗಲಿ ತಾಲ್ಲೂಕಿನ ಹೊಳಲು ಅಂಥದೊಂದು ಊರು. ಈಗ ವಿಜಯನಗರ ಜಿಲ್ಲೆಗೆ ಸೇರಿದ ಈ ಸೀಮೆ 1953ರವರೆಗೆ ಮದ್ರಾಸಿನ ಆಡಳಿತದಲ್ಲಿದ್ದ ಬಳ್ಳಾರಿ ಜಿಲ್ಲೆಯ ಭಾಗ. ತುಂಗಭದ್ರೆಯ ಆಚೆ ದಡದ ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತ್ಯದ್ದು. ಹೊಳೆಯ ಎರಡೂ ದಡಗಳ ಮಕ್ಕಳಿಗೆ 'ದೇವಿ', ಅಂದರೆ ಸಿಡುಬಿನ ಲಸಿಕೆ, ಹಾಕುತ್ತಿದ್ದರು. ಆದರೆ ಈಚೆ ದಡದ ಲಸಿಕೆ ಮದ್ರಾಸಿನ ಗಿಂಡಿಯಿಂದ ಬರಬೇಕು, ಆಚೆ ದಡದ್ದು ಬೆಳಗಾವಿಯಿಂದ. ಎರಡೂ ಕಡೆ ಕಾರ್ಖಾನೆ ಮಾತ್ರ ಒಂದೇ ಬಗೆಯದು: ಕರುವಿನ ಮೈ.

ಅದಕ್ಕೆ ಮುಂಚೆ ಲಸಿಕೆಯ ಕಾರ್ಖಾನೆ ಮನುಷ್ಯನ ತೋಳೇ ಆಗಿತ್ತು. ಎಡ್ವರ್ಡ್ ಜೆನ್ನರ್ 1796ರಲ್ಲಿ ಗೋಸಿಡುಬಿನ ಕೀವಿನಿಂದ ಸಿಡುಬನ್ನು ತಡೆಯಬಹುದೆಂದು ತೋರಿಸಿದ. ಆ ಕೀವು ಬಾಗ್ದಾದ್, ಬಸ್ರಾಗಳ ಮೂಲಕ, ತೋಳಿಂದ ತೋಳಿಗೆ ದಾಟುತ್ತ ಮುಂಬಯಿ ಮುಟ್ಟಿ, 1802ರ ಜೂನ್ 14ರಂದು ಅನ್ನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಮಗುವಿಗೆ ಹತ್ತಿತು. ಭಾರತದಲ್ಲಿ ಲಸಿಕೆ ಫಲಿಸಿದ ಮೊದಲ ಮಗು ಅದು. ಮೂರು ವರ್ಷಗಳಲ್ಲಿ ಲಸಿಕೆ ಮೈಸೂರಿನ ಅರಮನೆಗೂ ಬಂತು. 1805ರ ಸುಮಾರಿಗೆ ಥಾಮಸ್ ಹಿಕ್ಕಿ ಬರೆದ ಮೂವರು ಸ್ತ್ರೀಯರ ತೈಲಚಿತ್ರವೊಂದಿದೆ. ಅದರಲ್ಲಿರುವವರು ನರ್ತಕಿಯರೆಂದೇ ಬಹುಕಾಲ ನಂಬಲಾಗಿತ್ತು. ಇತಿಹಾಸಕಾರ ನೈಜಲ್ ಚಾನ್ಸೆಲರ್ ಅವರು ಅವರನ್ನು ಮೈಸೂರಿನ ರಾಣಿಯರೆಂದು ಗುರುತಿಸಿದರು. ಸೆರಗನ್ನು ಸರಿಸಿ ಮೇಲ್ದೋಳನ್ನು ಮುಟ್ಟಿ ತೋರಿಸುತ್ತಿರುವ ಕಿರಿಯಳು ಮುಮ್ಮಡಿ ಕೃಷ್ಣರಾಜರನ್ನು ಮದುವೆಯಾಗಲು ಬಂದ ದೇವಾಜಮ್ಮಣ್ಣಿ ಎಂಬುದು ಅವರ ವಾದ. ರಾಣಿಯೇ ಹಾಕಿಸಿಕೊಂಡಳೆಂದ ಮೇಲೆ ಪ್ರಜೆಗಳ ಅಂಜಿಕೆ ಕಳೆಯಿತೆಂದು ಕಂಪನಿ ಸರ್ಕಾರ ಹೇಳಿಕೊಂಡಿತು.

ತೋಳಿಂದ ತೋಳಿಗೆ ದಾಟಿಸುವ ಕ್ರಮದ ತೊಡಕುಗಳು ಹಲವು. ಎಂಟು ದಿನಕ್ಕೊಮ್ಮೆ ಹೊಸ ಮಗು ಸಿಗದಿದ್ದರೆ ಸರಪಳಿ ಕಡಿಯುತ್ತಿತ್ತು. ಕೀವಿನ ಜೊತೆಗೆ ಮೇಹರೋಗದಂಥ ಕಾಯಿಲೆಗಳೂ ದಾಟುತ್ತಿದ್ದವು. ಯಾವ ಜಾತಿಯ ಮಗುವಿನ ತೋಳಿನದು ಎಂಬ ಪ್ರಶ್ನೆ ಬೇರೆ. ಇಟಲಿಯಲ್ಲಿ ಹುಟ್ಟಿ, 1860ರ ದಶಕದಲ್ಲಿ ಯುರೋಪಿನಲ್ಲೆಲ್ಲ ಹಬ್ಬಿದ 'ಕರುವಿನ ಲಸಿಕೆ' ಈ ತೊಡಕುಗಳಿಗೆ ಒಟ್ಟಿಗೇ ಪರಿಹಾರವಾಗಿ ಬಂತು. ಭಾರತದಲ್ಲಿ ಆಕಳ ಕರುವಿನ ಬದಲು ಎಮ್ಮೆಗರು ಬಂದದ್ದಕ್ಕೆ ಕಾರಣ ಊಹಿಸುವುದು ಕಷ್ಟವಲ್ಲ. ಎಮ್ಮೆಯ ಗಂಡುಗರು ಹೇರಳ, ಅಗ್ಗ, ಹೆಚ್ಚು ಭಾವನೆಗಳನ್ನೂ ಕೆರಳಿಸುವುದಿಲ್ಲ.

ಕ್ರಮ ಹೀಗಿತ್ತು: ಕರುವನ್ನು ಮೇಜಿಗೆ ಕಟ್ಟಿ, ಹೊಟ್ಟೆ ಮತ್ತು ಪಕ್ಕೆಯ ಕೂದಲು ಬೋಳಿಸಿ, ತೊಳೆದು, ಚರ್ಮದ ಮೇಲೆ ಸಾಲುಸಾಲಾಗಿ ತೆಳುವಾದ ಗೀರು ಹಾಕುವುದು. ಅದರ ಮೇಲೆ ಬೀಜದ ಕೀವನ್ನು ತಿಕ್ಕುವುದು. ಸುಮಾರು ಐದು ದಿನಕ್ಕೆ ಗೀರುಗಳ ಉದ್ದಕ್ಕೂ ಗುಳ್ಳೆ ಏಳುತ್ತವೆ. ಅವನ್ನು ಚೂಪಂಚಿನ ಚಮಚದಲ್ಲಿ ಹೆರೆದು, ಅರೆದು, ಗ್ಲಿಸರಿನ್‌ನಲ್ಲಿ ಕಲಸಿದರೆ ಲಸಿಕೆ ಸಿದ್ಧ. ಒಂದು ಕರುವಿನಿಂದ ಸಾವಿರಾರು ಮಕ್ಕಳಿಗೆ ಸಾಲುವಷ್ಟು ಸಿಗುತ್ತಿತ್ತು. ದೊಡ್ಡ ಪ್ರಾಣಿಯ ಲಾಭ ಇಲ್ಲಿ ಚರ್ಮದ ವಿಸ್ತೀರ್ಣದಲ್ಲೇ ಇತ್ತು. ಬಯಲುಸೀಮೆಯ ಬಿಸಿಲಿಗೆ ಲಸಿಕೆ ಕೆಡುತ್ತದೆಂದು ಮದ್ರಾಸಿನ ಸ್ಯಾನಿಟರಿ ಕಮಿಷನರ್ ಡಬ್ಲ್ಯು. ಜಿ. ಕಿಂಗ್ ಅದನ್ನು ಕುರಿಯುಣ್ಣೆಯ ಜಿಡ್ಡಾದ ಲ್ಯಾನೊಲಿನ್‌ನಲ್ಲಿ ಕಲಸುವ ಉಪಾಯ ಮಾಡಿದ. ಗಿಂಡಿಯ ಕಿಂಗ್ ಇನ್‌ಸ್ಟಿಟ್ಯೂಟಿಗೆ ಅವನದೇ ಹೆಸರು. ಮೈಸೂರು ಸಂಸ್ಥಾನಕ್ಕೆ ಬೆಂಗಳೂರಿನ ವ್ಯಾಕ್ಸಿನ್ ಇನ್‌ಸ್ಟಿಟ್ಯೂಟ್ ಇತ್ತು. ಜಾತಿಯ ಕಾರಣಕ್ಕೆ ತಿರುವಾಂಕೂರಿನಲ್ಲಿ ಕೆಲಸ ಸಿಗದೆ ಮೈಸೂರಿನ ಸೇವೆಗೆ ಬಂದ, ಮುಂದೆ ಈಳವ ಸಮಾಜದ ನಾಯಕರಾದ ಡಾ. ಪಲ್ಪು ಅಲ್ಲಿ ಕೆಲಸ ಮಾಡಿದವರು. ಬೆಳಗಾವಿಯ ತಿಲಕವಾಡಿಯಲ್ಲಿ ಇವತ್ತಿಗೂ 'ವ್ಯಾಕ್ಸಿನ್ ಡಿಪೊ' ಎಂದರೆ ಆಟೋದವರಿಗೆ ಗೊತ್ತು. 1960ರ ದಶಕದಲ್ಲಿ ಸಿಡುಬು ನಿರ್ಮೂಲನಕ್ಕಾಗಿ ಒಣಪುಡಿಯ ಲಸಿಕೆ ಬೇಕಾದಾಗ ದೇಶದಲ್ಲಿ ಅದನ್ನು ತಯಾರಿಸಿದ ನಾಲ್ಕು ಸಂಸ್ಥೆಗಳಲ್ಲಿ ಬೆಳಗಾವಿಯದೂ ಒಂದು. ಉಳಿದವು ಗಿಂಡಿ, ಹೈದರಾಬಾದ್ ಮತ್ತು ನೈನಿತಾಲ್ ಬಳಿಯ ಪಟ್ವಾಡಾಂಗರ್. 1975ರಲ್ಲಿ ಭಾರತದ ಕೊನೆಯ ಸಿಡುಬು ಮುಗಿಯಿತು. ಹೊಳಲಿನಂಥ ಊರುಗಳ ಹಿರಿಯರ ತೋಳಿನ ಮೇಲಿರುವ ದುಂಡು ಕಲೆ ಆ ಕರುಗಳದೇ ಸಹಿ.

ಕರುವಿನ ಮೈಮೇಲೆ ನೂರು ವರ್ಷ ಬೆಳೆಸಿದ ಆ ವೈರಾಣು ನಿಜಕ್ಕೂ ಯಾವುದು ಎಂಬುದು ಬಹಳ ತಡವಾಗಿ ತಿಳಿಯಿತು. ಅದು ಜೆನ್ನರ್ ಹೇಳಿದ ಗೋಸಿಡುಬಲ್ಲ. ಅದರ ದಾಯಾದಿ, 'ವ್ಯಾಕ್ಸೀನಿಯಾ'. 1902ರಲ್ಲಿ ಅಮೆರಿಕದಲ್ಲಿ ತಯಾರಾದ ಲಸಿಕೆಯ ಹಳೆಯ ಮಾದರಿಯೊಂದರ ವಂಶವಾಹಿಯನ್ನು 2017ರಲ್ಲಿ ಓದಿದಾಗ ಅದು ಕುದುರೆ ಸಿಡುಬಿಗೆ ತೀರ ಹತ್ತಿರವಾಗಿ ಕಂಡಿತು. ಕುದುರೆಯ ಗೊರಸಿನ ಹುಣ್ಣೇ ಗೋಸಿಡುಬಿನ ಮೂಲವೆಂದು ಜೆನ್ನರ್ ತಾನೇ ಶಂಕಿಸಿದ್ದ. ಅವನ ಕಾಲದಲ್ಲಿ ಅದನ್ನು ಹೆಚ್ಚು ಜನ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಇನ್ನೊಂದು ತಿರುವು ನಮ್ಮ ಕಡೆಯದು. ಭಾರತದ ಎಮ್ಮೆಗಳ ಕೆಚ್ಚಲಿಗೆ ಆಗಾಗ ಬರುವ, ಹಾಲು ಕರೆಯುವವರ ಕೈಗೂ ಹತ್ತುವ ಎಮ್ಮೆಸಿಡುಬಿನ ವೈರಾಣು ವ್ಯಾಕ್ಸೀನಿಯಾದ ಒಂದು ಬಗೆ. ಲಸಿಕೆ ತಯಾರಿಕೆಯ ಕಾಲದಲ್ಲಿ ಎಮ್ಮೆಗಳಿಗೆ ದಾಟಿದ್ದೇ ಉಳಿದುಕೊಂಡಿರಬಹುದೆಂದು ಹಲವು ವಿಜ್ಞಾನಿಗಳ ತರ್ಕ. ಸಿಡುಬು ಹೋಯಿತು, ಅದರ ಲಸಿಕೆ ಕೊಟ್ಟಿಗೆಯಲ್ಲೇ ಉಳಿಯಿತು ಎಂದಾದರೆ ಚರಿತ್ರೆಗೆ ಒಳ್ಳೆಯ ವಿನೋದಪ್ರಜ್ಞೆಯೇ ಇದೆ.

ಕುದುರೆಯ ಕಾಲ ಬಂದದ್ದು 1890ರ ದಶಕದಲ್ಲಿ. ಬರ್ಲಿನ್ನಿನಲ್ಲಿ ಎಮಿಲ್ ಫಾನ್ ಬೇರಿಂಗ್ ಮತ್ತು ಕಿತಾಸಾಟೊ ಶಿಬಾಸಾಬುರೊ 1890ರಲ್ಲಿ ಒಂದು ಸಂಗತಿ ತೋರಿಸಿದರು: ಧನುರ್ವಾಯುವಿನ ವಿಷವನ್ನು ಸ್ವಲ್ಪಸ್ವಲ್ಪವಾಗಿ ಅರಗಿಸಿಕೊಂಡ ಪ್ರಾಣಿಯ ರಕ್ತಸಾರವನ್ನು (ಸೀರಂ) ಬೇರೆ ಪ್ರಾಣಿಗೆ ಕೊಟ್ಟರೆ ಅದಕ್ಕೂ ರಕ್ಷಣೆ ಸಿಗುತ್ತದೆ. ಆ ರಕ್ಷಕ ವಸ್ತುವೇ ಮುಂದೆ ಪ್ರತಿಕಾಯವೆನಿಸಿತು. ಮೊಲದ ರಕ್ತದಲ್ಲಿ ಸಿದ್ಧಾಂತ ಸಾಬೀತಾಗುತ್ತದೆ, ಆಸ್ಪತ್ರೆ ನಡೆಯುವುದಿಲ್ಲ. ಸುಮಾರು 500 ಕಿಲೊ ತೂಗುವ ಕುದುರೆಯ ಮೈಯಲ್ಲಿ 35ರಿಂದ 40 ಲೀಟರ್ ರಕ್ತ. ಕೆಲವು ಲೀಟರ್ ತೆಗೆದರೆ ಅದು ಮೇಯುವುದನ್ನು ಬಿಡುವುದಿಲ್ಲ, ಕೆಲವು ವಾರಗಳಲ್ಲಿ ಮತ್ತೆ ತುಂಬಿಕೊಳ್ಳುತ್ತದೆ. ಕೊರಳಿನ ರಕ್ತನಾಳ ಹೆಬ್ಬೆರಳ ಗಾತ್ರದ್ದು, ಸೂಜಿ ಹಾಕಲು ಸುಲಭ. ಪ್ಯಾರಿಸಿನ ಎಮಿಲ್ ರೂ ಕುದುರೆಯ ಸೀರಂನಿಂದ ಗಂಟಲಮಾರಿಯ ಮಕ್ಕಳಿಗೆ ಚಿಕಿತ್ಸೆ ಕೊಟ್ಟ ಫಲಿತಾಂಶವನ್ನು 1894ರ ಬುಡಾಪೆಸ್ಟ್ ಸಮ್ಮೇಳನದಲ್ಲಿ ಓದಿದ. ಆಮೇಲೆ ಯುರೋಪಿನ ದೊಡ್ಡ ನಗರಗಳಲ್ಲೆಲ್ಲ ಸೀರಂ ಲಾಯಗಳು ಎದ್ದವು. ಭಾರತ ಕುದುರೆಯ ಸೀರಂ ಕಂಡದ್ದು ಪ್ಲೇಗಿನ ಕಾಲದಲ್ಲಿ. ಅಲೆಕ್ಸಾಂಡರ್ ಯೆರ್ಸಿನ್ 1897ರಲ್ಲಿ ವಿಯೆಟ್ನಾಂನ ಞಾ ಟ್ರಾಂಗ್‌ನ ಕುದುರೆಗಳ ಸೀರಂ ಹೊತ್ತು ಮುಂಬಯಿಗೆ ಬಂದ, ಫಲ ನಿರಾಶಾದಾಯಕವಾಗಿತ್ತು. ಮರುವರ್ಷ ಹುಬ್ಬಳ್ಳಿ, ಧಾರವಾಡಗಳನ್ನು ಪ್ಲೇಗು ಹಿಡಿದಾಗ ಅಲ್ಲಿ ದೊಡ್ಡ ಪ್ರಮಾಣದಲ್ಲಿ ಹಾಕಿದ್ದು ವಿಜ್ಞಾನಿ ಹಾಫ್ಕಿನ್‌ನ ಲಸಿಕೆ, ಪ್ರಾಣಿಯ ರಕ್ತವಲ್ಲ.

ಕುದುರೆ ಕಲಿಸಿದ ಪಾಠಗಳಲ್ಲಿ ಮೊದಲನೆಯದು ಕಹಿ. 1901ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಜಿಮ್ ಎಂಬ ಕುದುರೆಗೆ ಧನುರ್ವಾಯು ತಗಲಿತ್ತು. ಒಂದು ಕಾಲಕ್ಕೆ ಹಾಲಿನ ಗಾಡಿ ಎಳೆಯುತ್ತಿದ್ದ ಈ ಕುದುರೆಯ ಸೀರಂ ಪಡೆದ 13 ಮಕ್ಕಳು ಸತ್ತರು. ಮರುವರ್ಷವೇ ಇಂಥ ಜೈವಿಕ ಮದ್ದುಗಳ ಮೇಲೆ ಹತೋಟಿಯಿಡುವ ಕಾನೂನು ಅಲ್ಲಿ ಬಂತು. ಎರಡನೆಯ ಪಾಠ ಇನ್ನೂ ಆಳವಾದದ್ದು. ಸೀರಂ ಶುದ್ಧವಾಗಿದ್ದರೂ ಕೆಲವು ಮಕ್ಕಳಿಗೆ ವಾರ, ಹತ್ತು ದಿನದ ಮೇಲೆ ಜ್ವರ, ದದ್ದು, ಕೀಲುನೋವು. ಎರಡನೆಯ ಸಲ ಕೊಟ್ಟರೆ ಇನ್ನೂ ಬೇಗ, ಇನ್ನೂ ಜೋರು. ವಿಯೆನ್ನಾದ ಕ್ಲೆಮೆನ್ಸ್ ಫಾನ್ ಪಿರ್ಕೆ ಮತ್ತು ಬೇಲಾ ಶಿಕ್ 1905ರಲ್ಲಿ ಇದಕ್ಕೆ 'ಸೀರಂ ರೋಗ'ವೆಂದು ಹೆಸರಿಟ್ಟು ವಿವರಿಸಿದರು. ಮೈ ಕಾಪಾಡುವ ವ್ಯವಸ್ಥೆಯೇ ಕುದುರೆಯ ಪ್ರೋಟೀನನ್ನು ಶತ್ರುವೆಂದು ಬಗೆದು ಹೋರಾಡುವಾಗ ಆಗುವ ಹಾನಿ ಇದು. ಅಲರ್ಜಿ ಎಂಬ ಪರಿಕಲ್ಪನೆಯನ್ನು ಪಿರ್ಕೆ 1906ರಲ್ಲಿ ಮುಂದಿಟ್ಟದ್ದು ಈ ಮಕ್ಕಳನ್ನು ಕಂಡೇ.

ಮೂರನೆಯದು ರಸಾಯನಶಾಸ್ತ್ರದ ಪಾಠ. ಮೈಕೆಲ್ ಹೈಡೆಲ್‌ಬರ್ಗರ್ ಮತ್ತು ಕೈ ಪೆಡರ್ಸನ್ 1937ರಲ್ಲಿ ನ್ಯೂಮೋನಿಯಾ ಬ್ಯಾಕ್ಟೀರಿಯಾದ ವಿರುದ್ಧ ಕುದುರೆ ಮತ್ತು ಮೊಲಗಳಲ್ಲಿ ಬೆಳೆಸಿದ ಪ್ರತಿಕಾಯಗಳನ್ನು ಅತಿವೇಗದ ಯಂತ್ರದಲ್ಲಿ ತಿರುಗಿಸಿ ತೂಗಿದರು. ಮೊಲದ್ದು ಒಂದೂವರೆ ಲಕ್ಷದ ಆಸುಪಾಸಿನ ಅಣುತೂಕ. ಕುದುರೆಯದು ಒಂಬತ್ತು ಲಕ್ಷ ದಾಟಿತು. ಕೆಲಸ ಒಂದೇ ಆದರೂ ಪ್ರತಿಕಾಯಗಳಲ್ಲಿ ಬೇರೆ ಬೇರೆ ವರ್ಗಗಳಿವೆ ಎಂಬ ಸುಳಿವು ಅಲ್ಲಿ ಸಿಕ್ಕಿತು. ಈ ದೈತ್ಯ ಬಗೆಗೆ ಈಗ 'ಐಜಿಎಂ' ಎಂದು ಹೆಸರು. ಸೋಂಕು ಹೊಸದೋ ಹಳೆಯದೋ ಎಂದು ತಿಳಿಯಲು ರಕ್ತಪರೀಕ್ಷೆಯ ವರದಿಯಲ್ಲಿ ಅಚ್ಚಾಗುವ ಅಕ್ಷರಗಳು ಇವೇ.

ಗಂಟಲಮಾರಿಯ ಸೀರಂ ಹಿಂದೆ ಸರಿದರೂ ಕುದುರೆ ಭಾರತದಲ್ಲಿ ಇನ್ನೂ ನಿವೃತ್ತಿಯಾಗಿಲ್ಲ. ಸೈಗಾನಿನಲ್ಲಿ ನಾಗರಹಾವಿನ ವಿಷದ ಮೇಲೆ ಕೆಲಸ ಶುರುಮಾಡಿದ ಆಲ್ಬರ್ಟ್ ಕಾಲ್ಮೆಟ್ 1890ರ ದಶಕದ ನಡುವಿನಲ್ಲಿ ರೂಪಿಸಿದ ಪ್ರತಿವಿಷದ ಕ್ರಮ ಮೂಲದಲ್ಲಿ ಇವತ್ತಿಗೂ ಅದೇ. ಹೊಲದಲ್ಲಿ ಹಾವು ಕಚ್ಚಿದವರನ್ನು ತಾಲ್ಲೂಕು ಆಸ್ಪತ್ರೆಗೆ ತಂದಾಗ ಏರಿಸುವ ಮದ್ದು ನಾಲ್ಕು ಹಾವುಗಳ ವಿಷಕ್ಕೆ ಒಟ್ಟಿಗೇ ಎದುರಾಗುತ್ತದೆ: ನಾಗರ, ಕಟ್ಟುಹಾವು, ಕೊಳಕುಮಂಡಲ ಮತ್ತು ಕಲ್ಲುಗಾಡಿನ ಪುಟ್ಟ ಗರಗಸ ಮಂಡಲ. ಇವುಗಳ ವಿಷವನ್ನು ಅತ್ಯಲ್ಪ ಪ್ರಮಾಣದಲ್ಲಿ, ತಿಂಗಳುಗಟ್ಟಲೆ ಏರಿಸುತ್ತ ಕುದುರೆಯ ಚರ್ಮದಡಿಗೆ ಚುಚ್ಚಲಾಗುತ್ತದೆ. ಪ್ರತಿಕಾಯ ಸಾಕಷ್ಟು ಬೆಳೆದ ಮೇಲೆ ರಕ್ತ ತೆಗೆದು, ಕೆಂಪು ಕಣಗಳನ್ನು ಕುದುರೆಗೇ ಮರಳಿಸಿ, ಉಳಿದ ದ್ರವದಿಂದ ಪ್ರತಿಕಾಯಗಳನ್ನು ಬೇರ್ಪಡಿಸುತ್ತಾರೆ. ಜಠರದ ಕಿಣ್ವವಾದ ಪೆಪ್ಸಿನ್‌ನಿಂದ ಪ್ರತಿಕಾಯದ ಬಾಲವನ್ನು ಕತ್ತರಿಸುವುದು ಇದರಲ್ಲಿ ಮುಖ್ಯ ಹೆಜ್ಜೆ. ಅಲರ್ಜಿ ಎಬ್ಬಿಸುವ ಭಾಗ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಪ್ರತಿವಿಷ ಏರಿಸುವಾಗ ನರ್ಸುಗಳು ಅಡ್ರಿನಲಿನ್ ಸೂಜಿಯನ್ನು ಪಕ್ಕದಲ್ಲೇ ಇಟ್ಟುಕೊಳ್ಳುವುದು ಅದಕ್ಕೇ. ಭಾರತೀಯ ಮಾನದಂಡದ ಪ್ರಕಾರ ಒಂದು ಮಿಲಿಲೀಟರ್ ಮದ್ದು 0.6 ಮಿಲಿಗ್ರಾಂ ನಾಗರಹಾವಿನ ವಿಷವನ್ನು, ಅಷ್ಟೇ ಕೊಳಕುಮಂಡಲದ ವಿಷವನ್ನು, 0.45 ಮಿಲಿಗ್ರಾಂನಷ್ಟು ಉಳಿದೆರಡರ ವಿಷವನ್ನು ನಿಷ್ಕ್ರಿಯಗೊಳಿಸಬೇಕು. ಸೀಸೆಯೊಂದರಲ್ಲಿ 10 ಮಿಲಿಲೀಟರ್. ಮೊದಲ ಕಂತಿನಲ್ಲೇ ಎಂಟು ಹತ್ತು ಸೀಸೆ ಬೇಕಾಗುತ್ತವೆ, ಮಗುವಾದರೂ ಪ್ರಮಾಣ ಅಷ್ಟೇ. ಹಾವು ಮಗುವೆಂದು ಕಡಿಮೆ ವಿಷ ಬಿಡುವುದಿಲ್ಲವಲ್ಲ.

ಈ ಕ್ರಮದ ದೊಡ್ಡ ಕೊರತೆಯನ್ನು ಎತ್ತಿ ತೋರಿಸಿದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಸುಣಗಾರ್ ಅವರ ಪ್ರಯೋಗಾಲಯವಿದೆ. ಕುದುರೆಗೆ ಚುಚ್ಚುವ ವಿಷ ಬಹುಮಟ್ಟಿಗೆ ತಮಿಳುನಾಡಿನ ಇರುಳರ ಸಹಕಾರ ಸಂಘದಿಂದ ಬರುವುದು. ಅದೇ ಜಾತಿಯ ಹಾವು ಇನ್ನೊಂದು ಪ್ರದೇಶದಲ್ಲಿ ಬೇರೆ ಪಾಕದ ವಿಷ ಹೊತ್ತಿರುತ್ತದೆ, ನಾಲ್ಕರ ಪಟ್ಟಿಗೆ ಸೇರದ ಹಾವುಗಳೂ ಕೊಲ್ಲುತ್ತವೆ. ಕುದುರೆ ತಾನು ಕಂಡ ವಿಷಕ್ಕೆ ಮಾತ್ರ ಉತ್ತರ ಕೊಡಬಲ್ಲದು. 2020ರಲ್ಲಿ ಪ್ರಕಟವಾದ ಅಂದಾಜಿನಂತೆ ದೇಶದಲ್ಲಿ ವರ್ಷಕ್ಕೆ ಸುಮಾರು 58,000 ಜನ ಹಾವು ಕಚ್ಚಿ ಸಾಯುತ್ತಾರೆ. ಹಾವು ಕಡಿತದ ಪ್ರಕರಣಗಳನ್ನು ಕಡ್ಡಾಯವಾಗಿ ವರದಿ ಮಾಡಬೇಕೆಂದು ಕರ್ನಾಟಕ ಸರ್ಕಾರ 2024ರ ಫೆಬ್ರುವರಿಯಲ್ಲಿ ಆದೇಶಿಸಿತು.

ದನಗಳ ಕಥೆ ಎರಡು ದಾರಿಯಲ್ಲಿ ಸಾಗುತ್ತದೆ. ಒಂದು ದೊಡ್ಡರೋಗದ್ದು (ರಿಂಡರ್‌ಪೆಸ್ಟ್). ಜಾತ್ರೆಯಲ್ಲಿ ಕೊಂಡುತಂದ ಒಂದು ಎತ್ತು ಹಟ್ಟಿಯನ್ನೇ ಬರಿದು ಮಾಡುತ್ತಿದ್ದ ಕಾಯಿಲೆ ಇದು. ಹೊಳಲಿನ ತಾಲ್ಲೂಕಿನಲ್ಲೇ ಇರುವ ಕುರುವತ್ತಿಯಂಥ ಬಸವಣ್ಣನ ಕ್ಷೇತ್ರಗಳ ಸುತ್ತಿನ ಒಕ್ಕಲಿಗೆ ಇದಕ್ಕಿಂತ ದೊಡ್ಡ ಭಯವಿರಲಿಲ್ಲ. 1890ರ ದಶಕದಲ್ಲಿ ಆಫ್ರಿಕಾದ ದನಗಳಲ್ಲಿ ಬಹುಪಾಲು ಇದರಿಂದಲೇ ಸತ್ತವು. ದಕ್ಷಿಣ ಆಫ್ರಿಕಾದ ಕಿಂಬರ್ಲಿಗೆ ಹೋದ ರಾಬರ್ಟ್ ಕಾಕ್ ಸತ್ತ ದನದ ಪಿತ್ತರಸ ಚುಚ್ಚುವ ಉಪಾಯ ಹೂಡಿದ. ಅವನ ಹಿಂದೆ ಬಂದ ಕೋಲೆ ಮತ್ತು ಟರ್ನರ್ ಹೆಚ್ಚು ಗಟ್ಟಿಯಾದ ದಾರಿ ಕಂಡರು: ಒಂದು ಪಕ್ಕೆಗೆ ರೋಗದ ರಕ್ತ, ಇನ್ನೊಂದು ಪಕ್ಕೆಗೆ ರೋಗ ಗೆದ್ದ ದನದ ಸೀರಂ. ಎಷ್ಟು ಸೀರಂ ಎಂಬುದು ಸ್ವಲ್ಪ ತಪ್ಪಿದರೂ ದನ ಸಾಯುತ್ತಿತ್ತು, ಇಲ್ಲವೇ ರಕ್ಷಣೆ ಸಿಗುತ್ತಿರಲಿಲ್ಲ. ಭಾರತದಲ್ಲಿ ಇದರ ಕೇಂದ್ರ ಹಿಮಾಲಯದ ಮುಕ್ತೇಶ್ವರ. ಅಲ್ಲಿನ ಬೆಟ್ಟದ ದನಗಳಿಗೆ ರೋಗ ಬಲುಬೇಗ ಹತ್ತುತ್ತಿತ್ತು, ಬಯಲಿನ ದನಗಳು ಮಾತ್ರ ಹೆಚ್ಚು ತಾಳಿಕೊಳ್ಳುತ್ತಿದ್ದವು. ರೋಗನಿರೋಧ ತಳಿಯಿಂದ ತಳಿಗೆ ಬದಲಾಗುತ್ತದೆಂಬುದು ಅಲ್ಲಿ ದಿನದಿನದ ಲೆಕ್ಕವಾಗಿತ್ತು. ಮೈಸೂರು ಸಂಸ್ಥಾನ 1925ರಲ್ಲಿ ಹೆಬ್ಬಾಳದಲ್ಲಿ ತನ್ನದೇ ಸೀರಂ ಸಂಸ್ಥೆ ತೆರೆದದ್ದು ಈ ರೋಗಕ್ಕಾಗಿಯೇ. ಇವತ್ತಿನ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಯ ಮೂಲ ಅದು.

ಸೀರಂನ ತಲೆನೋವು ಕಳೆದದ್ದು ಆಡಿನಿಂದ. ಮುಕ್ತೇಶ್ವರದ ಜೆ. ಟಿ. ಎಡ್ವರ್ಡ್ಸ್ 1920ರ ದಶಕದಲ್ಲಿ ದೊಡ್ಡರೋಗದ ವೈರಾಣುವನ್ನು ಆಡಿನಿಂದ ಆಡಿಗೆ ದಾಟಿಸುತ್ತ ಹೋದಂತೆ ಅದು ದನಗಳ ಪಾಲಿಗೆ ಮೆತ್ತಗಾಯಿತು. ಅದನ್ನು ಒಂದೇ ಸಲ ಚುಚ್ಚಿದರೆ ನಾಟಿ ದನಕ್ಕೆ ದೀರ್ಘಕಾಲದ ರಕ್ಷಣೆ ಸಿಗುತ್ತಿತ್ತು, ಸೀರಂ ಬೇಕಿರಲಿಲ್ಲ. 1954ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮ ಆಡಿನ ಲಸಿಕೆಯನ್ನು ಹಳ್ಳಿಹಳ್ಳಿಗೆ ಒಯ್ದಿತು. ವಾಲ್ಟರ್ ಪ್ಲೌರೈಟ್ ಕೀನ್ಯಾದಲ್ಲಿ ರೂಪಿಸಿದ ಜೀವಕೋಶ ಕೃಷಿಯ ಲಸಿಕೆ ಕೊನೆಯ ಹಂತ ಮುಗಿಸಿತು. 1995ರ ನಂತರ ಭಾರತದಲ್ಲಿ ರೋಗ ಕಾಣಲಿಲ್ಲ. 2011ರಲ್ಲಿ ಜಗತ್ತಿನಿಂದಲೇ ಹೋಯಿತೆಂದು ಘೋಷಣೆಯಾಯಿತು. ಸಿಡುಬಿನ ನಂತರ ಹೀಗೆ ನಿರ್ನಾಮವಾದ ಎರಡನೆಯ ರೋಗ ಇದೊಂದೇ. ಮಕ್ಕಳ ದಡಾರ ಇದರ ದಾಯಾದಿಯೆಂಬುದನ್ನು ನೆನೆದರೆ, ದನ ಮನುಷ್ಯರ ಹಟ್ಟಿ ಒಂದೇ ಆಗಿದ್ದ ಕಾಲದ ಕುರುಹು ಅದರಲ್ಲಿ ಕಾಣುತ್ತದೆ.

ಇನ್ನೊಂದು ದಾರಿ ಅವಳಿ ಕರುಗಳದ್ದು. ಇದರಲ್ಲಿ ಮದ್ದಿನ ಮಾತೇ ಇಲ್ಲ. ದನ ಇಲ್ಲಿ ಬರೀ ಪ್ರಶ್ನೆಯಾಗಿ ಬಂತು. ಹೋರಿಗರುವಿನ ಜೊತೆ ಅವಳಿಯಾಗಿ ಹುಟ್ಟಿದ ಹೆಣ್ಣುಗರು ಸಾಮಾನ್ಯವಾಗಿ ಗೊಡ್ಡಾಗುತ್ತದೆಂದು ದನಗಾರರಿಗೆ ಮೊದಲಿಂದ ಗೊತ್ತು. ಹೊಟ್ಟೆಯಲ್ಲಿ ಎರಡೂ ಕರುಗಳ ರಕ್ತನಾಳಗಳು ಕೂಡಿಕೊಂಡು ಗಂಡಿನ ಹಾರ್ಮೋನು ಹೆಣ್ಣಿಗೆ ಹರಿಯುವುದು ಕಾರಣವೆಂದು ಶಿಕಾಗೋದ ಫ್ರಾಂಕ್ ಲಿಲ್ಲಿ 1910ರ ದಶಕದಲ್ಲಿ ವಿವರಿಸಿದ. ವಿಸ್ಕಾನ್ಸಿನ್‌ನ ರೇ ಓವೆನ್ 1945ರಲ್ಲಿ ಇನ್ನೂ ಬೆರಗಿನ ಸಂಗತಿ ಕಂಡ: ಇಂಥ ಅವಳಿಗಳು ದೊಡ್ಡವಾದ ಮೇಲೂ ಒಂದರ ಮೈಯಲ್ಲಿ ಇನ್ನೊಂದರ ರಕ್ತಕಣಗಳು ಬದುಕಿರುತ್ತವೆ. ಪರಕೀಯ ರಕ್ತವನ್ನು ಅವುಗಳ ಮೈ ಹೊರಹಾಕುವುದಿಲ್ಲ. ಆಸ್ಟ್ರೇಲಿಯಾದ ಮ್ಯಾಕ್‌ಫರ್ಲೇನ್ ಬರ್ನೆಟ್ ಇದನ್ನು ಓದಿ, ಹುಟ್ಟುವ ಮುಂಚೆ ಕಂಡದ್ದನ್ನೆಲ್ಲ ದೇಹ ತನ್ನದೆಂದು ಕಲಿಯುತ್ತದೆಂಬ ಸಿದ್ಧಾಂತ ಕಟ್ಟಿದ. ಇಂಗ್ಲೆಂಡಿನ ಪೀಟರ್ ಮೆಡವಾರ್ ಅವಳಿ ಕರುಗಳ ನಡುವೆ ಚರ್ಮ ಕಸಿ ಮಾಡಿ, ತದ್ರೂಪಿ ಅವಳಿ ಯಾವುದು, ಸಾಮಾನ್ಯ ಅವಳಿ ಯಾವುದು ಎಂದು ಗುರುತಿಸಿಕೊಡುತ್ತೇನೆಂದು ಹೊರಟ. ಕಸಿ ಎರಡು ಬಗೆಯಲ್ಲೂ ಹಿಡಿದು ಅವನ ಲೆಕ್ಕ ತಲೆಕೆಳಗಾಯಿತು. ಆ ಸೋಲಿನಿಂದ ಅವನು ಓವೆನ್‌ನ ಲೇಖನಕ್ಕೆ ಬಂದ, ಅಲ್ಲಿಂದ ಬರ್ನೆಟ್ ಸಿದ್ಧಾಂತವನ್ನು ಸಾಬೀತುಪಡಿಸಿದ 1953ರ ಇಲಿ ಪ್ರಯೋಗಕ್ಕೆ. ಬರ್ನೆಟ್ ಮತ್ತು ಮೆಡವಾರ್‌ಗೆ 1960ರ ನೊಬೆಲ್ ಬಂತು, ಓವೆನ್‌ಗೆ ಬರಲಿಲ್ಲ. ಅವನನ್ನು ಬಿಟ್ಟದ್ದು ತಪ್ಪೆಂದು ಮೆಡವಾರ್‌ಗೇ ಅನ್ನಿಸಿ ಕಾಗದ ಬರೆದ. ಅಂಗಾಂಗ ಕಸಿಯ ಶಾಸ್ತ್ರಕ್ಕೆ ಬುನಾದಿ ಹಾಕಿದ ಈ ಸರಣಿ ಇಲಿಯಲ್ಲಿ ಶುರುವಾಗುವುದು ಸಾಧ್ಯವೇ ಇರಲಿಲ್ಲ. ಹೊಟ್ಟೆಯಲ್ಲಿ ರಕ್ತ ಬೆರೆಸಿಕೊಳ್ಳುವ ಅಭ್ಯಾಸ ದನದ್ದು.

ಕುರಿಯ ಕಥೆಯಲ್ಲಿ ಉಪಕಾರ ಅಪಕಾರ ಎರಡೂ ಹೆಣೆದುಕೊಂಡಿವೆ. ಹುಚ್ಚುನಾಯಿ ರೋಗದ ಲಸಿಕೆಯನ್ನು ಪಾಶ್ಚರ್ 1885ರಲ್ಲಿ ಮೊಲದ ಬೆನ್ನುಹುರಿಯಿಂದ ಮಾಡಿದ್ದ. ಕಸೌಲಿಯ ಡೇವಿಡ್ ಸೆಂಪಲ್ ಸೋಂಕಿತ ಮಿದುಳನ್ನು ಫಿನಾಲ್‌ನಲ್ಲಿ ನಿಷ್ಕ್ರಿಯಗೊಳಿಸುವ ಸುಲಭ ವಿಧಾನ ಕಂಡುಹಿಡಿದ. ಭಾರತದಲ್ಲಿ ಅದಕ್ಕೆ ಕುರಿಯೇ ಗತಿಯಾಯಿತು. ಒಂದು ಕುರಿಯ ಮಿದುಳು ಮೊಲದ್ದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಕುರಿಗಾರರ ಮೈಲಾರಲಿಂಗನ ಸೀಮೆಯೇ ಆದ ಹಡಗಲಿ ಕಡೆಯವರೂ ನಾಯಿ ಕಚ್ಚಿದರೆ ಹೊಕ್ಕುಳ ಸುತ್ತ ಹಾಕಿಸಿಕೊಳ್ಳುತ್ತಿದ್ದ ಹದಿನಾಲ್ಕು ಸೂಜಿಗಳ ಮೂಲ ಇದು. ಕೂನೂರಿನ ಪಾಶ್ಚರ್ ಸಂಸ್ಥೆ ದಕ್ಷಿಣದಲ್ಲಿ ಇದರ ಮುಖ್ಯ ತಯಾರಕ. ಲಸಿಕೆ ಜೀವ ಉಳಿಸಿತು. ಆದರೆ ಕೆಲವರಿಗೆ, ಒಂದೊಂದು ಸಮೀಕ್ಷೆಯಲ್ಲಿ ಕೆಲವು ನೂರಕ್ಕೊಬ್ಬರಿಗೆ, ಇನ್ನೊಂದರಲ್ಲಿ ಕೆಲವು ಸಾವಿರಕ್ಕೊಬ್ಬರಿಗೆ, ಸೂಜಿಗಳ ನಡುವೆಯೇ ಕೈಕಾಲು ಸ್ವಾಧೀನ ತಪ್ಪುತ್ತಿತ್ತು. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು 1984ರಲ್ಲಿ ಇಂಥ ಪ್ರಕರಣಗಳನ್ನು ವರದಿ ಮಾಡಿದರು. ತಪ್ಪು ವೈರಾಣುವಿನದಲ್ಲ. ಕುರಿಯ ನರಗಳಿಗೆ ಹೊದಿಕೆಯಾಗಿರುವ ಮಯಲಿನ್ ಮನುಷ್ಯನದಕ್ಕೆ ಎಷ್ಟು ಹತ್ತಿರವೆಂದರೆ, ಅದರ ವಿರುದ್ಧ ಎದ್ದ ರೋಗನಿರೋಧ ರೋಗಿಯ ಸ್ವಂತ ನರಗಳ ಮೇಲೆಯೇ ತಿರುಗುತ್ತಿತ್ತು.

ನ್ಯೂಯಾರ್ಕಿನ ಥಾಮಸ್ ರಿವರ್ಸ್ 1930ರ ದಶಕದಲ್ಲಿ ಕೋತಿಗಳಿಗೆ ಆರೋಗ್ಯವಂತ ಮೊಲದ ಮಿದುಳನ್ನಷ್ಟೇ ಪದೇ ಪದೇ ಚುಚ್ಚಿ ಇದೇ ಪಾರ್ಶ್ವವಾಯುವನ್ನು ತರಿಸಿ ತೋರಿಸಿದ. ದೇಹ ತನ್ನ ಮೇಲೇ ತಾನು ಯುದ್ಧ ಸಾರುವ ರೋಗಗಳಿಗೆ ಪ್ರಯೋಗಾಲಯದಲ್ಲಿ ಸಿಕ್ಕ ಮೊದಲ ಮಾದರಿಗಳಲ್ಲಿ ಅದೊಂದು. ಅಂಥದೇ ನರರೋಗವಾದ ಮಲ್ಟಿಪಲ್ ಸ್ಕ್ಲೆರೋಸಿಸ್‌ಗೆ 1996ರಲ್ಲಿ ಅಮೆರಿಕದಲ್ಲಿ ಮಂಜೂರಾದ ಗ್ಲಾಟಿರಾಮರ್ ಎಂಬ ಮದ್ದು ಈ ಮಾದರಿಯ ಮೇಲಿನ ಸಂಶೋಧನೆಯಿಂದಲೇ ಬಂದದ್ದು. ಜೀವಕೋಶ ಕೃಷಿಯ ಲಸಿಕೆಗಳು ಎಷ್ಟೋ ಮೊದಲೇ ಬಂದಿದ್ದರೂ ಬೆಲೆ ಹೆಚ್ಚೆಂಬ ಕಾರಣಕ್ಕೆ ಸರ್ಕಾರಿ ಆಸ್ಪತ್ರೆಗಳಲ್ಲಿ ಕುರಿಯ ಲಸಿಕೆ 2004ರ ಕೊನೆಯವರೆಗೂ ಮುಂದುವರಿಯಿತು. ಬಡವರಿಗೊಂದು ಲಸಿಕೆ, ಉಳ್ಳವರಿಗೊಂದು ಲಸಿಕೆ ಎಂಬ ಈ ಸ್ಥಿತಿಯನ್ನು ಅಷ್ಟು ವರ್ಷ ಸಹಿಸಬೇಕಾಗಿರಲಿಲ್ಲ.

ಕುರಿಯ ರಕ್ತ ಮಾತ್ರ ಯಾರಿಗೂ ಕೇಡು ಮಾಡಲಿಲ್ಲ. ಅದರ ಕೆಂಪು ಕಣಗಳು ಪ್ರಯೋಗಾಲಯಗಳ ನಿತ್ಯದ ಸರಕಾದವು. ಮೇಹರೋಗ ಪತ್ತೆಹಚ್ಚುವ 1906ರ ವಾಸರ್‌ಮನ್ ಪರೀಕ್ಷೆ ಅವನ್ನೇ ನಂಬಿತ್ತು. ಪ್ರತಿಕಾಯ ಸುರಿಸುವ ಕೋಶಗಳನ್ನು ಒಂದೊಂದಾಗಿ ಎಣಿಸುವ ನೀಲ್ಸ್ ಯರ್ನೆಯ 1963ರ ವಿಧಾನವೂ ಅವುಗಳ ಮೇಲೆಯೇ ನಿಂತಿತು. ಮನುಷ್ಯನ ಟಿ ಕೋಶಗಳ (ಒಂದು ಬಗೆಯ ಬಿಳಿ ರಕ್ತಕಣಗಳ) ಸುತ್ತ ಕುರಿಯ ಕೆಂಪು ಕಣಗಳು ಸೇವಂತಿಗೆ ಎಸಳಿನಂತೆ ಅಂಟಿಕೊಳ್ಳುತ್ತವೆ. 1970ರ ದಶಕದಲ್ಲಿ ಟಿ ಕೋಶಗಳನ್ನು ಎಣಿಸುತ್ತಿದ್ದದ್ದು ಆ ಹೂವುಗಳನ್ನು ನೋಡಿಯೇ.

ಒಂಟೆ ಈ ಸಾಲಿಗೆ ಬಂದದ್ದು ಆಕಸ್ಮಿಕವಾಗಿ. ಬ್ರಸೆಲ್ಸಿನ ಫ್ರೈ ವಿಶ್ವವಿದ್ಯಾಲಯದಲ್ಲಿ 1980ರ ದಶಕದ ಕೊನೆಗೆ ವಿದ್ಯಾರ್ಥಿಗಳಿಗೆ ಪ್ರತಿಕಾಯ ಬೇರ್ಪಡಿಸುವ ಪಾಠ ನಡೆಯಬೇಕಿತ್ತು. ಎಚ್‌ಐವಿ ಅಂಜಿಕೆಯಿಂದ ಮನುಷ್ಯರ ರಕ್ತ ಬೇಡವೆಂದರು, ಇಲಿ ಕೊಲ್ಲುವುದು ಬೇಡವೆಂದರು. ನಿದ್ರಾರೋಗದ ಸಂಶೋಧನೆಗೆ ತಂದು ಶೀತಲಪೆಟ್ಟಿಗೆಯಲ್ಲಿ ಉಳಿದಿದ್ದ ಒಂಟೆಯ ಸೀರಂ ಕೈಗೆ ಸಿಕ್ಕಿತು. ಅದರಲ್ಲಿ ಸಾಮಾನ್ಯ ಪ್ರತಿಕಾಯಗಳ ಜೊತೆಗೆ ಯಾರೂ ಕಾಣದ ಗಿಡ್ಡ ಪ್ರತಿಕಾಯಗಳಿದ್ದವು. ಎಲ್ಲ ಸಸ್ತನಿಗಳ ಪ್ರತಿಕಾಯದಲ್ಲೂ ಎರಡು ಭಾರದ ಸರಪಳಿ, ಎರಡು ಹಗುರ ಸರಪಳಿ ಇರಬೇಕೆಂದು ಪುಸ್ತಕಗಳು ಹೇಳುತ್ತಿದ್ದವು. ಒಂಟೆಯ ಈ ಬಗೆಯಲ್ಲಿ ಹಗುರ ಸರಪಳಿಗಳೇ ಇಲ್ಲ. ರೇಮಂಡ್ ಹಾಮರ್ಸ್ ಗುಂಪು ಇದನ್ನು 1993ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿತು. ಲಾಮಾ, ಅಲ್ಪಾಕಾಗಳಲ್ಲೂ ಇದೇ ವ್ಯವಸ್ಥೆ. ಅದರ ತುದಿಯ ತುಣುಕೊಂದನ್ನೇ ಬೇರ್ಪಡಿಸಿದರೆ ಸಾಮಾನ್ಯ ಪ್ರತಿಕಾಯದ ಹತ್ತರಲ್ಲೊಂದು ಪಾಲಿನ ಗಾತ್ರ. ಬಿಸಿ ತಾಳುತ್ತದೆ, ಇಕ್ಕಟ್ಟಾದ ಸಂದಿಗಳಿಗೆ ಹೊಗುತ್ತದೆ, ಬ್ಯಾಕ್ಟೀರಿಯಾದಲ್ಲೇ ಬೆಳೆಸಬಹುದು. 'ನ್ಯಾನೊಬಾಡಿ' ಎಂಬ ಹೆಸರಿನ ಈ ಬಗೆಯ ಮೊದಲ ಮದ್ದು ಕಾಪ್ಲಾಸಿಜುಮಾಬ್, ರಕ್ತ ಹೆಪ್ಪುಗಟ್ಟುವ ಒಂದು ಅಪರೂಪದ ಕಾಯಿಲೆಗೆ 2018ರಲ್ಲಿ ಯುರೋಪಿನಲ್ಲಿ ಒಪ್ಪಿಗೆ ಪಡೆಯಿತು. ಬಿಕಾನೇರಿನ ರಾಷ್ಟ್ರೀಯ ಒಂಟೆ ಸಂಶೋಧನಾ ಕೇಂದ್ರ ರಾಜಸ್ಥಾನದ ಗರಗಸ ಮಂಡಲದ ವಿಷಕ್ಕೆ ಒಂಟೆಯ ಪ್ರತಿವಿಷ ತಯಾರಿಸುವ ಪ್ರಯೋಗ ಮಾಡಿದೆ.

ದನವೂ ಮತ್ತೆ ಅಚ್ಚರಿ ಕೊಟ್ಟಿತು. ಅದರ ಕೆಲವು ಪ್ರತಿಕಾಯಗಳಲ್ಲಿ ಗುರಿಗೆ ಅಂಟುವ ಕುಣಿಕೆ ಬಲು ಉದ್ದ. ಕಾಂಡದ ಮೇಲೆ ಗುಬುಟು ಇಟ್ಟಂತೆ ಹೊರಚಾಚಿರುತ್ತದೆ. 2017ರಲ್ಲಿ ಅಮೆರಿಕದಲ್ಲಿ ಹಸುಗಳಿಗೆ ಎಚ್‌ಐವಿಯ ಒಂದು ಪ್ರೋಟೀನ್ ಚುಚ್ಚಿದಾಗ, ಮನುಷ್ಯರಲ್ಲಿ ವರ್ಷಗಟ್ಟಲೆ ಕಾದರೂ ಅಪರೂಪಕ್ಕೆ ಕಾಣುವ ವಿಶಾಲ ವ್ಯಾಪ್ತಿಯ ಪ್ರತಿಕಾಯಗಳು ಅವುಗಳಲ್ಲಿ ವಾರಗಳಲ್ಲೇ ಮೂಡಿದವು. ಎಚ್‌ಐವಿ ದನಕ್ಕೆ ತಗಲುವುದೇ ಇಲ್ಲ ಎಂಬುದು ಇದರಲ್ಲಿನ ಸೋಜಿಗ.

ಹಾವಿನ ಪ್ರತಿವಿಷದಲ್ಲಿ ಈಗ ಎರಡು ದಾರಿ ತೆರೆದಿವೆ. ಡೆನ್ಮಾರ್ಕಿನ ನೇತೃತ್ವದ ತಂಡವೊಂದು 18 ಆಫ್ರಿಕನ್ ಹಾವುಗಳ ವಿಷವನ್ನು ಒಂದು ಅಲ್ಪಾಕಾ ಮತ್ತು ಒಂದು ಲಾಮಾಕ್ಕೆ ಚುಚ್ಚಿ, ಅವುಗಳಿಂದ ಎಂಟು ನ್ಯಾನೊಬಾಡಿಗಳನ್ನು ಆರಿಸಿ ಬೆರೆಸಿತು. ಆ ಮಿಶ್ರಣ ಇಲಿಗಳನ್ನು 17 ಹಾವುಗಳ ವಿಷದಿಂದ ಕಾಪಾಡಿತೆಂದು 2025ರಲ್ಲಿ ವರದಿಯಾಯಿತು. ಅದಕ್ಕೂ ಮುಂಚೆ 2024ರಲ್ಲಿ ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆ ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಯಾವ ಪ್ರಾಣಿಗೂ ವಿಷ ಚುಚ್ಚದೆ, ಯೀಸ್ಟ್ ಕೋಶಗಳ ಮೇಲೆ ಬೆಳೆಸಿದ ಕೃತಕ ಮಾನವ ಪ್ರತಿಕಾಯಗಳ ರಾಶಿಯಿಂದ ಒಂದನ್ನು ಹೆಕ್ಕಿದರು. ನಾಗರಹಾವು, ಕಾಳಿಂಗ, ಆಫ್ರಿಕಾದ ಮಾಂಬಾಗಳ ವರ್ಗದ ನರವಿಷವನ್ನು ಅದು ತಡೆಯುತ್ತದೆ. ಮಂಡಲದ ಹಾವುಗಳ ರಕ್ತವಿಷಕ್ಕೆ ಅದು ನಾಟುವುದಿಲ್ಲ, ಮನುಷ್ಯರ ಮೇಲಿನ ಪರೀಕ್ಷೆಯೂ ಆಗಬೇಕಿದೆ. ಸದ್ಯಕ್ಕೆ ಕರ್ನಾಟಕದ ಆಸ್ಪತ್ರೆಗಳಲ್ಲಿ ನಾಲ್ಕು ಹಾವುಗಳಿಗೂ ಕೊಡುವುದು ಕುದುರೆಯ ಪ್ರತಿವಿಷವನ್ನೇ.